ಹೊಗೆಯಿಲ್ಲದ ಒಲೆ

ಜಠರಾಗ್ನಿ ಎಂಬ ಮಾತು ನಮ್ಮಲ್ಲಿ ಬಹು ಹಳೆಯದು. ಉಂಡ ಅನ್ನವನ್ನು ಅರಗಿಸುವ ಬೆಂಕಿಯೊಂದು ಹೊಟ್ಟೆಯೊಳಗೆ ಉಂಟೆಂದು ಹಿರಿಯರು ಬಗೆದಿದ್ದರು. ಅದಕ್ಕೆ ವೈಶ್ವಾನರನೆಂದು ಹೆಸರಿಟ್ಟು ದೇವರ ಸ್ಥಾನದಲ್ಲಿಯೂ ನಿಲ್ಲಿಸಿದ್ದರು. ಹಸಿದವನ ಹೊಟ್ಟೆ ಚುರುಗುಟ್ಟುತ್ತದೆ, ಕರುಬುವವನ ಹೊಟ್ಟೆ ಉರಿಯುತ್ತದೆ, ಸತ್ತವನ ಮೈ ತಣ್ಣಗಾಗುತ್ತದೆ. ಬದುಕಿಗೂ ಬೆಂಕಿಗೂ ಏನೋ ನಂಟಿದೆಯೆಂಬ ಅರಿವು ನಮ್ಮ ನುಡಿಯ ಒಳಗೇ ಹುದುಗಿಕೊಂಡಿದೆ. ಈ ಅರಿವು ಸುಳ್ಳಲ್ಲ. ಆದರೆ ಆ ಬೆಂಕಿಯ ತಾವು ಹೊಟ್ಟೆಯಲ್ಲ. ಅದು ಉರಿಯುವ ಬಗೆಯೂ ಅಡುಗೆಮನೆಯ ಒಲೆಯ ಬಗೆಯಲ್ಲ. ಇವೆರಡು ಸಂಗತಿಗಳನ್ನು ಕಂಡುಕೊಳ್ಳಲು ವಿಜ್ಞಾನಕ್ಕೆ ಹೆಚ್ಚುಕಡಿಮೆ ಇನ್ನೂರು ವರ್ಷಗಳು ಹಿಡಿದವು.

1782-83ರ ಚಳಿಗಾಲದಲ್ಲಿ ಪ್ಯಾರಿಸ್ ನಗರದಲ್ಲಿ ಲವಾಸಿಯೆ ಎಂಬ ರಸಾಯನಶಾಸ್ತ್ರಜ್ಞನೂ ಲಾಪ್ಲಾಸ್ ಎಂಬ ಗಣಿತಜ್ಞನೂ ಕೂಡಿ ಒಂದು ವಿಚಿತ್ರ ಪ್ರಯೋಗವನ್ನು ನಡೆಸಿದರು. ಒಂದರೊಳಗೊಂದು ಇಟ್ಟ ಲೋಹದ ಪಾತ್ರೆಗಳು. ಸಂದಿನಲ್ಲೆಲ್ಲ ಮಂಜುಗಡ್ಡೆಯ ಚೂರು. ತೀರ ಒಳಗಿನ ಪಂಜರದಲ್ಲಿ ಒಂದು ಗಿನಿಯಿಲಿ. ಪಾಪದ ಪ್ರಾಣಿ ಉಸಿರಾಡುತ್ತ ಕುಳಿತಿತು. ಅದರ ಮೈಶಾಖಕ್ಕೆ ಕರಗಿ ತೊಟ್ಟಿಕ್ಕಿದ ನೀರನ್ನು ತೂಗಿ ನೋಡಿದಾಗ, 10 ಗಂಟೆಗಳಲ್ಲಿ ಸುಮಾರು 13 ಔನ್ಸ್ ಮಂಜು ಕರಗಿದ್ದುದು ತಿಳಿಯಿತು. ಅಷ್ಟು ಹೊತ್ತಿನಲ್ಲಿ ಗಿನಿಯಿಲಿ ಹೊರಬಿಡುವ ಇಂಗಾಲಾಮ್ಲ ವಾಯು ಎಷ್ಟೆಂಬುದನ್ನು ಬೇರೆಯಾಗಿ ಅಳೆದು, ಅಷ್ಟೇ ವಾಯು ಹುಟ್ಟುವಂತೆ ಇದ್ದಿಲನ್ನು ಸುಟ್ಟರೆ ಎಷ್ಟು ಮಂಜು ಕರಗೀತೆಂದು ಲೆಕ್ಕ ಹಾಕಿದರು. ಎರಡು ಲೆಕ್ಕಗಳೂ ಬಹುಮಟ್ಟಿಗೆ ಹತ್ತಿರ ಬಂದವು. ಉಸಿರಾಟವೆಂಬುದು ನಿಧಾನವಾದ ಒಂದು ದಹನವೆಂದು ಅವರು ಸಾರಿದರು.

ದಹನವೇನೋ ಸರಿ, ಅದು ನಡೆಯುವುದೆಲ್ಲಿ? ಶ್ವಾಸಕೋಶಗಳಲ್ಲಿ ಎಂದು ಲವಾಸಿಯೆ ಭಾವಿಸಿದ. ಹಾಗಾದರೆ ಇಡೀ ದೇಹದ ಶಾಖವೆಲ್ಲ ಆ ಎರಡು ಚೀಲಗಳಲ್ಲೇ ಹುಟ್ಟಬೇಕಷ್ಟೆ. ಅವು ಬೆಂದುಹೋಗುವುದಿಲ್ಲವೇ ಎಂದು ಲಗ್ರಾಂಜ್ ಎಂಬ ಇನ್ನೊಬ್ಬ ಗಣಿತಜ್ಞ ಆಕ್ಷೇಪಿಸಿದ. ನ್ಯಾಯವಾದ ಆಕ್ಷೇಪಣೆ. ಈ ವಾದ ಇತ್ಯರ್ಥವಾಗುವ ಮೊದಲೇ ಕ್ರಾಂತಿಯ ಸರ್ಕಾರ 1794ರ ಮೇ 8ರಂದು ಲವಾಸಿಯೆಯ ತಲೆಯನ್ನು ಹಾರಿಸಿತು. ಶ್ವಾಸಕೋಶ ಕೇವಲ ಹೆಬ್ಬಾಗಿಲು, ರಕ್ತ ಬರಿಯ ಸಾಗಣೆಯ ಗಾಡಿ, ಬೆಂಕಿ ಉರಿಯುವುದು ಮೈಯ ಒಂದೊಂದು ಜೀವಕೋಶದಲ್ಲಿ ಎಂಬುದು ಸ್ಥಿರವಾದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ.

ಈ ಬೆಂಕಿಯ ಬಲವೆಷ್ಟು? ಸುಮ್ಮನೆ ಕುರ್ಚಿಯಲ್ಲಿ ಕುಳಿತ ವಯಸ್ಕನ ದೇಹ ಹೊರಸೂಸುವ ಶಾಖ 80ರಿಂದ 100 ವಾಟಿನಷ್ಟು. ಹಳೆಯ ಕಾಲದ ಗಾಜಿನ ಬಲ್ಬು ಒಂದರ ಸಮ. ಇದೇನು ಮಹಾ ಎಂದು ತೋರೀತು. ಆದರೆ ತೂಕಕ್ಕೆ ತೂಕ ಇಟ್ಟು ನೋಡಿದರೆ ಮನುಷ್ಯನ ಮೈ ಸೂರ್ಯನಿಗಿಂತ ಸಾವಿರಾರು ಪಟ್ಟು ಹೆಚ್ಚು ಶಕ್ತಿಯನ್ನು ಹೊರಡಿಸುತ್ತದೆ! ಸೂರ್ಯನ ಪ್ರಚಂಡತೆಯೆಲ್ಲ ಅವನ ಗಾತ್ರದ್ದು. ಅವನ ಒಡಲಿನ ಒಂದು ಹಿಡಿಯನ್ನು ತೆಗೆದು ನೋಡಿದರೆ ಅಲ್ಲಿ ಕ್ಷಣಕ್ಕೆ ಹುಟ್ಟುವ ಶಾಖ ತೀರ ಅಲ್ಪ. ಹಾಲು ಕುಡಿಯುತ್ತ ಮಲಗಿದ ಕೂಸು ಈ ಲೆಕ್ಕದಲ್ಲಿ ಸೂರ್ಯನನ್ನು ಮೀರಿಸಿದ್ದು.

ಒಂದು ಚಮಚ ಸಕ್ಕರೆಯನ್ನು ಬೆಂಕಿಗೆ ಸುರಿದರೆ ಅದು ಭಗ್ಗನೆ ಹೊತ್ತಿ ಕ್ಷಣದಲ್ಲಿ ಮುಗಿಯುತ್ತದೆ. ಅದೇ ಸಕ್ಕರೆ ದೇಹದೊಳಗೆ 37 ಡಿಗ್ರಿ ಶಾಖದಲ್ಲಿ, ನೀರಿನ ನಡುವೆ, ಜ್ವಾಲೆಯಿಲ್ಲದೆ ಹೊಗೆಯಿಲ್ಲದೆ ಸುಡುತ್ತದೆ. ಇದಕ್ಕಿಂತಲೂ ಕಠಿಣವಾದ ಪ್ರಶ್ನೆ ಇನ್ನೊಂದಿದೆ. ರೈಲಿನ ಎಂಜಿನ್ನು ಶಾಖದಿಂದ ಕೆಲಸ ಮಾಡುತ್ತದೆ. ಅದಕ್ಕೆ ಕುದಿಯುವ ಬಾಯ್ಲರು ಒಂದೆಡೆ, ತಣ್ಣನೆಯ ಹೊರಗಾಳಿ ಇನ್ನೊಂದೆಡೆ ಬೇಕು. ಜೀವಕೋಶದಲ್ಲಿ ಎಲ್ಲವೂ ಒಂದೇ ಬೆಚ್ಚಗೆ. ಅಲ್ಲಿ ಶಾಖದಿಂದ ಯಾವ ಚಕ್ರವನ್ನೂ ತಿರುಗಿಸಲಾಗದು. ಹಾಗಿದ್ದಮೇಲೆ ಕೈ ಎತ್ತುವ, ಹೃದಯ ಬಡಿಯುವ, ಲೆಕ್ಕ ಮಾಡುವ ಶಕ್ತಿ ಬರುವುದು ಎಲ್ಲಿಂದ? ಶಾಖವಾಗಿ ಸೋರಿಹೋಗುವ ಮುನ್ನವೇ ಆ ಶಕ್ತಿಯನ್ನು ಬೇರೆ ಯಾವುದೋ ರೂಪದಲ್ಲಿ ಹಿಡಿಯಬೇಕು. ಹಿಡಿಯುವ ಆ ಉಪಾಯವೇ ಜೀವಕೋಶದ ಉಸಿರಾಟದ ತಿರುಳು.

ಉಪಾಯದ ಮೊದಲ ಅಂಗ, ಮೆಟ್ಟಿಲು. ಮಾಳಿಗೆಯಿಂದ ಧುಮುಕಿದವನಿಗೂ ಮೆಟ್ಟಿಲಿಳಿದು ಬಂದವನಿಗೂ ತಲಪುವ ನೆಲ ಒಂದೇ. ತಲಪುವ ಸ್ಥಿತಿ ಮಾತ್ರ ಬೇರೆ. ಅನ್ನ ಕರಗಿ ಉಂಟಾದ ಗ್ಲೂಕೋಸ್ ಸಕ್ಕರೆಯನ್ನು ಜೀವಕೋಶ ಹತ್ತು ಹಂತಗಳಲ್ಲಿ ನಯವಾಗಿ ಎರಡು ಹೋಳು ಮಾಡುತ್ತದೆ. ಇಷ್ಟಕ್ಕೆ ಆಮ್ಲಜನಕ ಬೇಕಾಗಿಲ್ಲ. ರಾತ್ರಿ ರುಬ್ಬಿಟ್ಟ ದೋಸೆಯ ಹಿಟ್ಟು ಬೆಳಗಾಗುವುದರೊಳಗೆ ಉಬ್ಬಿ ಹುಳಿಯಾಗುವುದುಂಟಷ್ಟೆ. ಅಲ್ಲಿ ಮುಚ್ಚಳದ ಕೆಳಗೆ, ಗಾಳಿಯ ಹಂಗಿಲ್ಲದೆ, ಸೂಕ್ಷ್ಮಜೀವಿಗಳು ನಡೆಸುವ ಸಂಸಾರವೂ ಹೆಚ್ಚುಕಡಿಮೆ ಈ ಬಗೆಯದೇ. ಬಸ್ಸು ಹಿಡಿಯಲು ಓಡಿದವನ ತೊಡೆಯ ಸ್ನಾಯುಗಳೂ ಆ ಗಳಿಗೆಗೆ ಹೀಗೆಯೇ ಹೊಟ್ಟೆ ಹೊರೆದುಕೊಳ್ಳುತ್ತವೆ. ಆದರೆ ಇದು ಬಡವರ ಸಂಸಾರ. ಸಕ್ಕರೆಯಲ್ಲಿ ಅಡಗಿದ ಶಕ್ತಿಯ ಹೆಚ್ಚಿನ ಪಾಲು ಆ ಎರಡು ಹೋಳುಗಳಲ್ಲಿಯೇ ಉಳಿದಿರುತ್ತದೆ.

ಅದನ್ನು ಹೊರತೆಗೆಯುವ ಕೆಲಸ ಜೀವಕೋಶದೊಳಗಿನ ಮೈಟೋಕಾಂಡ್ರಿಯ ಎಂಬ ಸಣ್ಣ ಸಣ್ಣ ಕಾರ್ಖಾನೆಗಳದು. ಒಂದೊಂದರ ದಪ್ಪ ಸುಮಾರಾಗಿ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಒಂದು ಕೋಶದಲ್ಲಿ ಅವು ನೂರಾರು, ಕೆಲವೆಡೆ ಸಾವಿರಾರು. ಬಿಡುವಿಲ್ಲದೆ ದುಡಿಯುವ ಹೃದಯದ ಸ್ನಾಯುವಿನಲ್ಲಿಯಂತೂ ಮೂರರಲ್ಲೊಂದು ಪಾಲು ಜಾಗವೆಲ್ಲ ಅವುಗಳದೇ. ಅಲ್ಲಿ ಸಕ್ಕರೆಯ ಹೋಳುಗಳು ಒಂದು ಚಕ್ರದಲ್ಲಿ ಸಿಕ್ಕಿ ಸುತ್ತುತ್ತವೆ; ಸುತ್ತುವಾಗ ಇಂಗಾಲವೆಲ್ಲ ಇಂಗಾಲಾಮ್ಲವಾಗಿ ಕಳಚಿಹೋಗುತ್ತದೆ, ಜಲಜನಕ ಮಾತ್ರ ಜೋಪಾನವಾಗಿ ಕೈಬದಲಾಗುತ್ತದೆ. ಈ ಚಕ್ರವನ್ನು 1937ರಲ್ಲಿ ಇಂಗ್ಲೆಂಡಿನ ಷೆಫೀಲ್ಡಿನಲ್ಲಿ ಕಂಡುಹಿಡಿದವರು ಹಾನ್ಸ್ ಕ್ರೆಬ್ಸ್. ಯೆಹೂದ್ಯರೆಂಬ ಒಂದೇ ಕಾರಣಕ್ಕೆ 1933ರಲ್ಲಿ ಜರ್ಮನಿಯಲ್ಲಿ ಕೆಲಸ ಕಳೆದುಕೊಂಡು ಬಂದಿದ್ದವರು. ಅವರ ಬರಹವನ್ನು ‘ನೇಚರ್’ ಪತ್ರಿಕೆ ಸ್ಥಳಾವಕಾಶವಿಲ್ಲವೆಂದು ಹಿಂದಕ್ಕೆ ಕಳುಹಿಸಿತು. ಬೇರೆ ಪತ್ರಿಕೆಯಲ್ಲಿ ಅದು ಬೆಳಕು ಕಂಡಿತು. 1953ರಲ್ಲಿ ನೊಬೆಲ್ ಪಾರಿತೋಷಕ ಬಂದಿತು.

ಇಲ್ಲೊಂದು ಸೋಜಿಗವಿದೆ. ನಾವು ಒಳಗೆಳೆದುಕೊಳ್ಳುವ ಆಮ್ಲಜನಕವೇ ಇಂಗಾಲದೊಡನೆ ಕೂಡಿ ಹೊರಬರುತ್ತದೆಂದು ಶಾಲೆಯಲ್ಲಿ ಕಲಿತವರು ಭಾವಿಸುವುದು ಸಹಜ. ಹಾಗಲ್ಲ. ಹೊರಬಿಡುವ ಇಂಗಾಲಾಮ್ಲದಲ್ಲಿರುವ ಆಮ್ಲಜನಕ ಆಹಾರದಿಂದಲೂ ನೀರಿನಿಂದಲೂ ಬಂದದ್ದು. ಉಸಿರಿನ ಆಮ್ಲಜನಕ ಕಾದಿರುವುದು ಜಲಜನಕಕ್ಕೆ. ಅವೆರಡೂ ಕೂಡಿ ಆಗುವುದು ನೀರು. ಹೀಗೆ ನಮ್ಮ ಮೈಯೊಳಗೆ ದಿನವೊಂದಕ್ಕೆ ಸುಮಾರು 300 ಮಿಲಿಲೀಟರ್ ಹೊಸ ನೀರು ಹುಟ್ಟುತ್ತದೆ. ಬೆಂಕಿಯೊಂದು ಉರಿದುರಿದು ನೀರಾಗುವುದನ್ನು ಯಾವ ಪುರಾಣಕಾರನೂ ಊಹಿಸಿರಲಾರ.

ಅಟ್ಟದ ಮೇಲಿನ ವೈದ್ಯ

ಜಲಜನಕದಿಂದ ಕಳಚಿದ ಎಲೆಕ್ಟ್ರಾನುಗಳು ಆಮ್ಲಜನಕವನ್ನು ಸೇರಲು ಇಳಿಯಬೇಕಾದ ಮೆಟ್ಟಿಲುಗಳನ್ನು ಮೊಟ್ಟಮೊದಲು ಕಣ್ಣಾರೆ ಕಂಡವರು ಚಾರ್ಲ್ಸ್ ಮ್ಯಾಕ್‌ಮನ್ ಎಂಬ ಐರ್ಲೆಂಡಿನ ವೈದ್ಯರು. ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ ಪಟ್ಟಣದಲ್ಲಿ ರೋಗಿಗಳನ್ನು ನೋಡಿ ಮುಗಿಸಿದಮೇಲೆ ಕುದುರೆಲಾಯದ ಅಟ್ಟದಲ್ಲಿ ಮಾಡಿಕೊಂಡಿದ್ದ ಪ್ರಯೋಗಶಾಲೆಯನ್ನು ಹತ್ತುವುದು ಅವರ ಅಭ್ಯಾಸ. ಪ್ರಾಣಿಗಳ ಸ್ನಾಯುಗಳ ಮೂಲಕ ಬೆಳಕನ್ನು ಹಾಯಿಸಿ ರೋಹಿತದರ್ಶಕದಲ್ಲಿ ನೋಡಿದಾಗ, ಕಾಮನಬಿಲ್ಲಿನ ಬಣ್ಣಗಳ ನಡುವೆ ಕಪ್ಪು ಪಟ್ಟೆಗಳು ಕಂಡವು. ಇದು ರಕ್ತದ ಬಣ್ಣವಲ್ಲ, ಉಸಿರಾಟಕ್ಕೆ ಸಂಬಂಧಿಸಿದ ಬೇರೊಂದು ವಸ್ತು, ಎಂದು ಅವರು 1880ರ ದಶಕದಲ್ಲಿ ಬರೆದರು. ಜರ್ಮನಿಯ ದೊಡ್ಡ ಪಂಡಿತರಾದ ಹೊಪ್ಪೆ-ಜೈಲರ್ ಇದನ್ನು ತಳ್ಳಿಹಾಕಿದರು. ರಕ್ತದ ಬಣ್ಣವೇ ಕೆಟ್ಟು ಹೀಗೆ ತೋರಿದೆಯೆಂಬುದು ಅವರ ಪಕ್ಷ. ಪತ್ರಿಕೆಯೂ ಅವರದೇ, ಇನ್ನು ಚರ್ಚೆ ಅನಾವಶ್ಯಕವೆಂದು ಬಾಗಿಲು ಮುಚ್ಚಿದರು. ಊರಿನ ವೈದ್ಯನ ಮಾತು ಯಾರಿಗೆ ಬೇಕು? 1911ರಲ್ಲಿ ಮ್ಯಾಕ್‌ಮನ್ ತೀರಿಕೊಂಡಾಗ ಅವರ ಪಟ್ಟೆಗಳನ್ನು ಲೋಕ ಮರೆತಿತ್ತು.

1925ರಲ್ಲಿ ಕೇಂಬ್ರಿಡ್ಜಿನ ಡೇವಿಡ್ ಕೈಲಿನ್ ಅದೇ ಪಟ್ಟೆಗಳನ್ನು ಮತ್ತೆ ಕಂಡರು. ಅವರು ಹೊರಟದ್ದು ಬೇರೆ ದಾರಿಗೆ. ಕುದುರೆಯ ಹೊಟ್ಟೆಯಲ್ಲಿ ಬೆಳೆಯುವ ಒಂದು ಜಾತಿಯ ನೊಣದ ಮರಿಯನ್ನು ಅಭ್ಯಸಿಸುತ್ತಿದ್ದವರು. ಜೇನುಗೂಡಿನ ಮೇಣವನ್ನು ತಿನ್ನುವ ಪತಂಗವೊಂದನ್ನು ಜೀವಂತವಾಗಿ ರೋಹಿತದರ್ಶಕದ ಕೆಳಗಿಟ್ಟರು. ಪತಂಗ ಸುಮ್ಮನಿದ್ದಾಗ ಪಟ್ಟೆಗಳಿಲ್ಲ. ರೆಕ್ಕೆ ಬಡಿದು ಒದ್ದಾಡಿದೊಡನೆ ಎದೆಯ ಸ್ನಾಯುಗಳಲ್ಲಿ ಪಟ್ಟೆಗಳು ಮೂಡಿದವು. ನೀರಿನಲ್ಲಿ ಕಲಸಿದ ಯೀಸ್ಟನ್ನು ಗಾಳಿಯೊಡನೆ ಕುಲುಕಿದರೆ ಪಟ್ಟೆಗಳು ಮಾಯ. ನಿಲ್ಲಲು ಬಿಟ್ಟರೆ ಮತ್ತೆ ಪ್ರತ್ಯಕ್ಷ. ಉಸಿರಾಟದ ನಡಿಗೆಯನ್ನೇ ಬಣ್ಣದಲ್ಲಿ ನೋಡಿದಂತಾಯಿತು. ಕಬ್ಬಿಣವನ್ನು ಒಡಲಲ್ಲಿಟ್ಟುಕೊಂಡ ಈ ವಸ್ತುಗಳಿಗೆ ಕೈಲಿನ್ ಸೈಟೋಕ್ರೋಮ್ ಎಂದು ಹೆಸರಿಟ್ಟರು. ಮ್ಯಾಕ್‌ಮನ್ನರ ಹೆಸರನ್ನು ಸಲ್ಲಬೇಕಾದ ಗೌರವದೊಡನೆ ಸ್ಮರಿಸಿದ ಸಜ್ಜನಿಕೆ ಅವರದು. ಉಸಿರಾಟದ ಗುಟ್ಟನ್ನು ಬಿಡಿಸಿದ ಈ ಮಹನೀಯರು ತಾವೇ ಜೀವಮಾನವೆಲ್ಲ ಉಬ್ಬಸದಿಂದ ನರಳಿದವರೆಂಬುದು ವಿಧಿಯ ವಿನೋದ.

ಸಯನೈಡ್ ವಿಷ ಮನುಷ್ಯನನ್ನು ಕೊಲ್ಲುವುದು ಈ ಮೆಟ್ಟಿಲುಗಳ ಕೊನೆಯದನ್ನು ಹಿಡಿದು. ಎಲೆಕ್ಟ್ರಾನು ಆಮ್ಲಜನಕಕ್ಕೆ ದಾಟದಂತೆ ಅದು ಅಡ್ಡ ನಿಲ್ಲುತ್ತದೆ. ಗಾಳಿ ಇದೆ, ಶ್ವಾಸಕೋಶ ಆಡುತ್ತಿದೆ, ರಕ್ತದ ತುಂಬ ಆಮ್ಲಜನಕ. ಆದರೂ ಒಂದೊಂದು ಕೋಶವೂ ಉಸಿರುಗಟ್ಟಿ ಸಾಯುತ್ತದೆ. ಉಸಿರಾಟವೆಂಬುದು ಮೂಗಿನ ವ್ಯವಹಾರವಲ್ಲವೆಂಬುದಕ್ಕೆ ಇದಕ್ಕಿಂತ ಕ್ರೂರವಾದ ಪ್ರಮಾಣ ಬೇಡ.

ಚಿಲ್ಲರೆ ಕಾಸು

ದೊಡ್ಡ ನೋಟೊಂದನ್ನೇ ಹಿಡಿದು ಸಿಟಿ ಬಸ್ಸು ಹತ್ತಿದವನ ಪಾಡು ಎಲ್ಲರಿಗೂ ಗೊತ್ತು. ಹಣವೇನೋ ಇದೆ, ಕಂಡಕ್ಟರನಿಗೆ ಬೇಕಾದದ್ದು ಚಿಲ್ಲರೆ. ಸಕ್ಕರೆಯ ಅಣು ಅಂಥ ದೊಡ್ಡ ನೋಟು. ಸ್ನಾಯುವಿನ ಒಂದು ಎಳೆ ಜಗ್ಗಲು, ನರದ ಒಂದು ಸುದ್ದಿ ಸಾಗಲು ಕೋಶಕ್ಕೆ ಬೇಕಾದದ್ದು ಸಣ್ಣ ಕಾಸು. ಆ ಕಾಸಿನ ಹೆಸರು ಅಡಿನೊಸೀನ್ ಟ್ರೈಫಾಸ್ಫೇಟ್, ಸಂಕ್ಷೇಪವಾಗಿ ಎ.ಟಿ.ಪಿ. ಮೂರು ಫಾಸ್ಫೇಟುಗಳ ಬಾಲವುಳ್ಳ ಈ ಅಣು ಕೊನೆಯದೊಂದನ್ನು ಕಳಚಿಕೊಟ್ಟಾಗ ಶಕ್ತಿ ದೊರೆಯುತ್ತದೆ. ಕಳಚಿದ್ದನ್ನು ಮತ್ತೆ ಅಂಟಿಸಿದರೆ ಕಾಸು ಮರಳಿ ಚಲಾವಣೆಗೆ ಸಿದ್ಧ.

ಇದನ್ನು ಕಂಡುಹಿಡಿದವರಲ್ಲಿ ಒಬ್ಬರು ಭಾರತೀಯರೆಂಬುದನ್ನು ಎಷ್ಟು ಮಂದಿ ಬಲ್ಲರೋ! ಯಲ್ಲಾಪ್ರಗಡ ಸುಬ್ಬರಾಯರು 1895ರಲ್ಲಿ ಆಂಧ್ರದ ಭೀಮವರದಲ್ಲಿ ಹುಟ್ಟಿ, ಮದರಾಸಿನಲ್ಲಿ ವೈದ್ಯ ಓದಿದರು. ಗಾಂಧೀಜಿಯ ಕರೆಗೆ ಓಗೊಟ್ಟು ಖಾದಿ ತೊಟ್ಟ ತಪ್ಪಿಗೆ ಪ್ರಾಧ್ಯಾಪಕರ ಅವಕೃಪೆಗೆ ಒಳಗಾಗಿ, ಪೂರ್ಣ ಪದವಿಯ ಬದಲು ಕೆಳದರ್ಜೆಯ ಪ್ರಮಾಣಪತ್ರ ಪಡೆದರು. 1922ರಲ್ಲಿ ಅಮೆರಿಕದ ಬೋಸ್ಟನ್ನಿಗೆ ಹೋಗಿ, ಹೊಟ್ಟೆಪಾಡಿಗೆ ಆಸ್ಪತ್ರೆಯಲ್ಲಿ ಆಳಿನ ಕೆಲಸ ಮಾಡುತ್ತ ಹಾರ್ವರ್ಡಿನಲ್ಲಿ ಸೈರಸ್ ಫಿಸ್ಕೆಯವರ ಪ್ರಯೋಗಶಾಲೆಯನ್ನು ಸೇರಿದರು. ಅವರಿಬ್ಬರೂ ರಕ್ತದಲ್ಲಿಯೂ ಸ್ನಾಯುವಿನಲ್ಲಿಯೂ ಇರುವ ರಂಜಕವನ್ನು ಅಳೆಯುವ ಒಂದು ಸುಲಭ ವಿಧಾನವನ್ನು 1925ರಲ್ಲಿ ಪ್ರಕಟಿಸಿದರು. ಆ ಅಳತೆಗೋಲನ್ನು ಹಿಡಿದು ಹೊರಟವರಿಗೆ 1929ರಲ್ಲಿ ಎ.ಟಿ.ಪಿ. ಸಿಕ್ಕಿತು. ಅದೇ ವರ್ಷ ಜರ್ಮನಿಯಲ್ಲಿ ಕಾರ್ಲ್ ಲೋಮನ್ನರೂ ಸ್ವತಂತ್ರವಾಗಿ ಅದನ್ನು ಕಂಡರು. ಹಾರ್ವರ್ಡಿನಲ್ಲಿ ಸುಬ್ಬರಾಯರಿಗೆ ಕಾಯಂ ಹುದ್ದೆ ದೊರೆಯಲಿಲ್ಲ. ಔಷಧಿಯ ಕಂಪೆನಿಯೊಂದಕ್ಕೆ ಹೋಗಿ ಅಲ್ಲಿ ಫೋಲಿಕ್ ಆಮ್ಲವೇ ಮೊದಲಾದ ಬೇರೆ ಸಾಧನೆಗಳನ್ನು ಮಾಡಿ 1948ರಲ್ಲಿ, 53ನೆಯ ವಯಸ್ಸಿನಲ್ಲಿ ತೀರಿಕೊಂಡರು. ಪ್ರತಿ ವೈದ್ಯವಿದ್ಯಾರ್ಥಿಯೂ ಎ.ಟಿ.ಪಿ.ಯ ಹೆಸರನ್ನು ದಿನಕ್ಕೆ ಹತ್ತು ಬಾರಿ ಹೇಳುತ್ತಾನೆ. ಸುಬ್ಬರಾಯರ ಹೆಸರನ್ನು ಎಷ್ಟು ಬಾರಿ ಹೇಳುತ್ತಾನೆಂಬುದನ್ನು ವಿಚಾರಿಸದಿರುವುದೇ ಮೇಲು.

ಯಾವ ಒಂದು ಗಳಿಗೆಯಲ್ಲಿಯೂ ನಮ್ಮ ಮೈಯಲ್ಲಿರುವ ಎ.ಟಿ.ಪಿ. 50ರಿಂದ 100 ಗ್ರಾಂ ಇದ್ದೀತೆಂದು ಅಂದಾಜು. ಆದರೆ ದಿನವೊಂದಕ್ಕೆ ಖರ್ಚಾಗುವುದು ಹೆಚ್ಚುಕಡಿಮೆ ನಮ್ಮ ಮೈತೂಕದಷ್ಟು. ಎಂದಮೇಲೆ ಒಂದೊಂದು ಕಾಸೂ ದಿನದಲ್ಲಿ ನೂರಾರು ಬಾರಿ ಕೈಬದಲಾಗಿ ಮತ್ತೆ ಟಂಕಸಾಲೆಗೆ ಬರಬೇಕು. ಈ ಟಂಕಸಾಲೆ ಒಂದು ನಿಮಿಷ ನಿಂತರೂ ಸಂಸಾರ ಮುಳುಗಿತು.

ಕೆರೆಯ ಏರಿ

ಹೀಗೆ 1950ರ ಸುಮಾರಿಗೆ ಕಥೆಯ ಎರಡು ತುದಿಗಳೂ ಕೈಗೆ ಬಂದಿದ್ದವು. ಒಂದು ಕಡೆ ಮೆಟ್ಟಿಲಿಳಿಯುವ ಎಲೆಕ್ಟ್ರಾನು; ಇನ್ನೊಂದು ಕಡೆ ಅಚ್ಚಾಗಿ ಬೀಳುವ ಎ.ಟಿ.ಪಿ. ನಡುವಿನ ಕೊಂಡಿ ಯಾವುದು? ಅದು ಯಾವುದೋ ಒಂದು ರಾಸಾಯನಿಕ ವಸ್ತುವೇ ಇರಬೇಕೆಂದು ನಂಬಿ ದೊಡ್ಡ ದೊಡ್ಡ ಪ್ರಯೋಗಶಾಲೆಗಳು ವರ್ಷಗಟ್ಟಲೆ ಹುಡುಕಿದವು. ಸಿಕ್ಕಿತು ಎಂಬ ಸುದ್ದಿ ಆಗಾಗ ಹಬ್ಬುತ್ತಿತ್ತು. ಆಮೇಲೆ ಸಿಕ್ಕಿಲ್ಲವೆಂದು ತಿಳಿಯುತ್ತಿತ್ತು. ಇನ್ನೊಂದು ತೊಡಕು: ಮೈಟೋಕಾಂಡ್ರಿಯದ ಒಳಪೊರೆ ಹರಿದರೆ ಎಲೆಕ್ಟ್ರಾನುಗಳು ಇಳಿಯುತ್ತಲೇ ಇರುತ್ತವೆ, ಎ.ಟಿ.ಪಿ. ಮಾತ್ರ ನಿಂತುಹೋಗುತ್ತದೆ. ಕೆಲಸವೆಲ್ಲ ರಸಾಯನದ್ದೇ ಆದರೆ ಪೊರೆ ಹರಿದರೇನು, ಇದ್ದರೇನು?

1961ರಲ್ಲಿ ಎಡಿನ್‌ಬರೋದಲ್ಲಿದ್ದ ಪೀಟರ್ ಮಿಚೆಲ್ ಎಂಬುವರು, ಆ ವಸ್ತು ಸಿಕ್ಕದಿರುವುದಕ್ಕೆ ಕಾರಣ ಅದು ಇಲ್ಲದಿರುವುದೇ ಎಂಬ ಧಾಟಿಯಲ್ಲಿ ಬರೆದರು. ಕೊಂಡಿ ವಸ್ತುವಲ್ಲ, ಪೊರೆ. ಎಲೆಕ್ಟ್ರಾನು ಇಳಿಯುವ ರಭಸದಲ್ಲಿ ಜಲಜನಕದ ಬೀಜಗಳಾದ ಪ್ರೋಟಾನುಗಳು ಪೊರೆಯ ಆಚೆಗೆ ತಳ್ಳಲ್ಪಡುತ್ತವೆ. ಆಚೆ ಅವುಗಳ ದಟ್ಟಣೆ, ಈಚೆ ಕೊರತೆ. ಪೊರೆ ಅವುಗಳನ್ನು ಸುಲಭವಾಗಿ ಹಿಂದಕ್ಕೆ ಬಿಡದು. ಕೆರೆಯ ಏರಿಯ ಹಿಂದೆ ನೀರು ನಿಂತಂತೆ ಅವು ಒತ್ತಿ ನಿಲ್ಲುತ್ತವೆ. ತೂಬಿನ ಮೂಲಕವಷ್ಟೇ ಮರಳಬಹುದು. ಮರಳುವ ಆ ಹರಿವಿನ ಬಲದಿಂದಲೇ ಎ.ಟಿ.ಪಿ. ತಯಾರಾಗುತ್ತದೆ. ಏರಿ ಒಡೆದರೆ ನೀರೂ ಹೋಯಿತು, ತೂಬಿನ ಕೆಲಸವೂ ನಿಂತಿತು.

ಇಷ್ಟು ಸರಳವಾದ ಮಾತನ್ನು ಆಗಿನ ವಿದ್ವಾಂಸರು ಒಪ್ಪಲಿಲ್ಲ. ರಸಾಯನದಲ್ಲಿ ಪಳಗಿದವರಿಗೆ ಗೋಡೆ, ಒತ್ತಡ, ದಿಕ್ಕು ಎಂಬ ಮಾತುಗಳು ಅಪರಿಚಿತ. ಮಿಚೆಲ್ಲರ ಹೊಟ್ಟೆಯಲ್ಲಿ ಹುಣ್ಣಾಯಿತು. 1963ರಲ್ಲಿ ವಿಶ್ವವಿದ್ಯಾನಿಲಯವನ್ನು ಬಿಟ್ಟು, ಕಾರ್ನ್‌ವಾಲ್ ಪ್ರಾಂತದ ಬಾಡ್ಮಿನ್ ಬಳಿ ಪಾಳುಬಿದ್ದಿದ್ದ ಗ್ಲಿನ್ ಹೌಸ್ ಎಂಬ ಬಂಗಲೆಯನ್ನು ದುರಸ್ತಿ ಮಾಡಿಸಿ, ಅರ್ಧದಲ್ಲಿ ಮನೆ, ಅರ್ಧದಲ್ಲಿ ಪ್ರಯೋಗಶಾಲೆ ಮಾಡಿಕೊಂಡರು. ಹಸುಗಳನ್ನೂ ಸಾಕಿದರು. ಜತೆಗೆ ದುಡಿದವರು ಜೆನಿಫರ್ ಮಾಯ್ಲ್ ಎಂಬ ವಿಜ್ಞಾನಿ. ಪ್ರೋಟಾನುಗಳು ಹೊರಬರುವುದನ್ನು ಅಳೆದು ತೋರಿಸಿದ ನವುರಾದ ಪ್ರಯೋಗಗಳಲ್ಲಿ ಆಕೆಯ ಪಾಲು ಬಹು ದೊಡ್ಡದು. 1966ರಲ್ಲಿಯೂ 1968ರಲ್ಲಿಯೂ ಮಿಚೆಲ್ ತಮ್ಮ ವಾದವನ್ನು ಪುಸ್ತಕವಾಗಿ ತಾವೇ ಹೊರತಂದರು.

ಒಲವು ನಿಧಾನವಾಗಿ ತಿರುಗಿತು. 1966ರಲ್ಲಿ ಅಮೆರಿಕದ ಜೇಗೆಂಡಾರ್ಫ್ ಎಂಬುವರು ಬಸಳೆಯಂಥ ಪಾಲಕ್ ಸೊಪ್ಪಿನಿಂದ ಹಸಿರು ಕಣಗಳನ್ನು ಬೇರ್ಪಡಿಸಿ, ಕತ್ತಲಲ್ಲಿಯೇ ಮೊದಲು ಹುಳಿ ದ್ರಾವಣದಲ್ಲಿ ನೆನೆಸಿ, ಕೂಡಲೆ ಕ್ಷಾರದ್ರಾವಣಕ್ಕೆ ಹಾಕಿದರು. ಸಸ್ಯಗಳೂ ಎ.ಟಿ.ಪಿ. ಅಚ್ಚುಹಾಕುವುದು ಇಂಥ ಪೊರೆಯಲ್ಲಿಯೇ. ಅವುಗಳಿಗೆ ಬೆಳಕು ಬೇಕು. ಇಲ್ಲಿ ಬೆಳಕೂ ಇಲ್ಲ, ಆಹಾರವೂ ಇಲ್ಲ. ಪೊರೆಯ ಎರಡು ಬದಿಯ ಹುಳಿಯ ವ್ಯತ್ಯಾಸವೊಂದರಿಂದಲೇ ಎ.ಟಿ.ಪಿ. ಹುಟ್ಟಿತು. 1974ರಲ್ಲಿ ರ್‍ಯಾಕರ್ ಮತ್ತು ಸ್ಟೋಕೆನಿಯಸ್ ಇನ್ನೂ ಮುಂದೆ ಹೋದರು. ಸೋಯಾ ಅವರೆಯ ಕೊಬ್ಬಿನಿಂದ ಸಣ್ಣ ಗುಳ್ಳೆಗಳನ್ನು ಮಾಡಿ, ಅದರಲ್ಲಿ ಉಪ್ಪುನೀರಿನ ಬ್ಯಾಕ್ಟೀರಿಯವೊಂದರಿಂದ ತೆಗೆದ, ಬೆಳಕು ಬಿದ್ದರೆ ಪ್ರೋಟಾನನ್ನು ತಳ್ಳುವ ಪ್ರೋಟೀನನ್ನೂ, ದನದ ಹೃದಯದಿಂದ ತೆಗೆದ ತೂಬನ್ನೂ ಕೂರಿಸಿದರು. ಮೂರು ದಿಕ್ಕಿನಿಂದ ಬಂದ, ಒಂದಕ್ಕೊಂದು ಪರಿಚಯವೇ ಇಲ್ಲದ ಸರಕು. ದೀಪ ಹಾಕಿದರೆ ಎ.ಟಿ.ಪಿ. ಬಂತು! ಇವುಗಳ ನಡುವೆ ಪೊರೆಯಾಚೆಯ ಪ್ರೋಟಾನಿನ ಒತ್ತಡವಲ್ಲದೆ ಬೇರಾವ ಸಂಬಂಧ ಇದ್ದೀತು? 1978ರಲ್ಲಿ ಮಿಚೆಲ್ಲರಿಗೆ ನೊಬೆಲ್ ಪಾರಿತೋಷಕ ಬಂದಿತು.

ಆದರೆ ಗೆದ್ದವರೆಲ್ಲ ಎಲ್ಲದರಲ್ಲಿಯೂ ಸರಿಯೆಂದಲ್ಲ. ಕೊನೆಯ ಮೆಟ್ಟಿಲೂ ಪ್ರೋಟಾನುಗಳನ್ನು ಆಚೆಗೆ ತಳ್ಳುತ್ತದೆಂದು 1977ರಲ್ಲಿ ಫಿನ್ಲೆಂಡಿನ ವಿಕ್‌ಸ್ಟ್ರೋಮ್ ತೋರಿಸಿದಾಗ, ಬಹುಕಾಲ ಅದನ್ನು ನಂಬದೆ ಹಟ ಹಿಡಿದವರು ಇದೇ ಮಿಚೆಲ್. ತಮ್ಮ ಮಾತಿಗೆ ಕಿವುಡಾದ ಲೋಕವನ್ನು ಕಂಡವರು ಇನ್ನೊಬ್ಬರ ಮಾತಿಗೆ ತಾವೂ ಸ್ವಲ್ಪ ಕಿವುಡಾದರು.

ಈ ಏರಿಯ ದಪ್ಪ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಆರು ಪಾಲು ಮಾತ್ರ. ಅದರ ಎರಡು ಬದಿಗಳ ನಡುವಿನ ವಿದ್ಯುತ್ತಿನ ಒತ್ತಡ ವೋಲ್ಟಿನ ಏಳನೆಯ ಒಂದು ಭಾಗದಷ್ಟು. ಟಾರ್ಚಿನ ಸೆಲ್ಲಿಗಿಂತ ಎಷ್ಟೋ ಕಡಿಮೆ. ಆದರೆ ಏರಿಯ ತೆಳುವನ್ನು ಗಮನಿಸಿ ಲೆಕ್ಕ ಹಾಕಿದರೆ ಮೀಟರಿಗೆ ಎರಡು ಕೋಟಿ ವೋಲ್ಟಿಗೂ ಮಿಕ್ಕುತ್ತದೆ. ಮಿಂಚು ಹೊಡೆಯುವ ಮೋಡದ್ದನ್ನೂ ಮೀರಿದ ಬಿಗಿ ಅದು.

ತೂಬಿನ ಕಥೆ ಇನ್ನೂ ರಮ್ಯ. ಅದೊಂದು ನಿಜವಾದ ಗಿರಣಿ. ಪೊರೆಯಲ್ಲಿ ನಾಟಿಕೊಂಡ ಚಕ್ರ, ಚಕ್ರಕ್ಕೆ ಜೋಡಿಸಿದ ಅಚ್ಚು, ಅಚ್ಚಿನ ತುದಿಯಲ್ಲಿ ತೊಳೆ ತೊಳೆಯಾದ ಗುಂಡು ತಲೆ. ಪ್ರೋಟಾನುಗಳು ನುಗ್ಗಿದಾಗ ಚಕ್ರ ಸೆಕೆಂಡಿಗೆ ನೂರು ಸುತ್ತಿಗೂ ಮೀರಿ ತಿರುಗುತ್ತದೆ. ಒಂದೊಂದು ಸುತ್ತಿಗೂ ಮೂರು ಎ.ಟಿ.ಪಿ. ಉದುರುತ್ತವೆ. ಹೀಗೆ ತಿರುಗುತ್ತಿರಬೇಕೆಂದು ಅಮೆರಿಕದ ಪಾಲ್ ಬಾಯರ್ ಮೊದಲೇ ಊಹಿಸಿದ್ದರು. 1994ರಲ್ಲಿ ಇಂಗ್ಲೆಂಡಿನ ಜಾನ್ ವಾಕರ್ ತಲೆಯ ರಚನೆಯನ್ನು ಪರಮಾಣುಗಳ ಮಟ್ಟದಲ್ಲಿ ಬಿಡಿಸಿ ತೋರಿಸಿದರು. 1997ರಲ್ಲಿ ಜಪಾನಿನ ವಿಜ್ಞಾನಿಗಳು ಆ ಅಚ್ಚಿಗೆ ಮಿನುಗುವ ಎಳೆಯೊಂದನ್ನು ಕಟ್ಟಿ, ಎ.ಟಿ.ಪಿ.ಯನ್ನು ಉಣಿಸಿ ಹಿಂದುಮುಂದಾಗಿ ಓಡಿಸಿದಾಗ, ಎಳೆ ಗಡಿಯಾರದ ಮುಳ್ಳಿನಂತೆ ಗಿರಗಿರನೆ ಸುತ್ತುವುದು ಸೂಕ್ಷ್ಮದರ್ಶಕದಲ್ಲಿ ಕಣ್ಣಿಗೆ ಕಂಡಿತು. ಬಾಯರ್, ವಾಕರ್ ಇಬ್ಬರಿಗೂ ಅದೇ ವರ್ಷ ನೊಬೆಲ್ ಮನ್ನಣೆ ದೊರೆಯಿತು.

ಏರಿ ಸೋರಿದಾಗ

ಇಷ್ಟೆಲ್ಲ ವಿದ್ವತ್ತಿನ ಮಾತು ಮನೆವಾರ್ತೆಗೆ ತಾಗುವುದು ಎಲ್ಲಿ ಎಂದು ಗೃಹಿಣಿಯರು ಕೇಳಿದರೆ ತಪ್ಪಿಲ್ಲ. ಮೈತೂಕದ ಚಿಂತೆ ಇಲ್ಲದ ಮನೆ ಈಗ ಅಪರೂಪ. ಇಳಿದ ಕೊಬ್ಬು ಎಲ್ಲಿ ಹೋಗುತ್ತದೆ? ಬೆವರಾಗಿ, ಶಾಖವಾಗಿ, ಎಂದು ಎಲ್ಲರೂ ಹೇಳುತ್ತಾರೆ. 2014ರಲ್ಲಿ ಆಸ್ಟ್ರೇಲಿಯದ ಇಬ್ಬರು ಲೆಕ್ಕ ಹಾಕಿ ತೋರಿಸಿದಂತೆ, 10 ಕಿಲೋ ಕೊಬ್ಬು ಕರಗಿದರೆ ಅದರಲ್ಲಿ 8.4 ಕಿಲೋ ಇಂಗಾಲಾಮ್ಲವಾಗಿ ಉಸಿರಿನಲ್ಲಿ ಹೊರಟುಹೋಗುತ್ತದೆ, ಉಳಿದ 1.6 ಕಿಲೋ ನೀರಾಗುತ್ತದೆ. ಹೊಟ್ಟೆಯ ಬೊಜ್ಜಿಗೆ ಹೊರಬೀಳುವ ದಾರಿ ಮೂಗು. ಹಾಗೆಂದು ಜೋರಾಗಿ ಉಸಿರು ಬಿಟ್ಟರೆ ಇಳಿಯದು. ಕೋಶದೊಳಗೆ ಸುಟ್ಟದ್ದಷ್ಟೇ ಹೊರಬರುವುದು.

ಹಾಗಾದರೆ ಸುಡುವುದನ್ನೇ ಹೆಚ್ಚಿಸಬಾರದೇಕೆ? ಇಂಥ ಆಸೆಯಿಂದ ಜನ ಸತ್ತಿದ್ದಾರೆ. ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿನ ಮದ್ದುಗುಂಡಿನ ಕಾರ್ಖಾನೆಗಳಲ್ಲಿ ಡೈನೈಟ್ರೋಫೀನಾಲ್ ಎಂಬ ಹಳದಿ ಪುಡಿಯೊಡನೆ ದುಡಿಯುತ್ತಿದ್ದ ಕೂಲಿಗಳು ಬೆವರಿ ಬೆವರಿ ಬಡಕಲಾದರು. ಹಲವರು ಸುಡುಮೈಯಾಗಿ ಸತ್ತರು. 1933ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನ ವೈದ್ಯರು ಅದೇ ಪುಡಿ ತೂಕ ಇಳಿಸುತ್ತದೆಂದು ಪ್ರಕಟಿಸಿದರು. ಒಂದೆರಡು ವರ್ಷಗಳಲ್ಲಿ ಸುಮಾರು ಒಂದು ಲಕ್ಷ ಜನ ಅದನ್ನು ನುಂಗಿದರು. ತೂಕ ಇಳಿದದ್ದು ದಿಟ. ಆದರೆ ಕೆಲವರ ಕಣ್ಣಿಗೆ ಚಿಕ್ಕ ವಯಸ್ಸಿನಲ್ಲಿಯೇ ಪೊರೆ ಬಂದಿತು. ಕೆಲವರು ಜ್ವರ ಏರಿ ಏರಿ ಸತ್ತರು. 1938ರ ಕಾಯಿದೆ ಬಂದಮೇಲೆ ಅಲ್ಲಿ ಅದರ ಮಾರಾಟ ನಿಂತಿತು.

ಅದು ಮಾಡುತ್ತಿದ್ದುದು ಏನೆಂಬುದನ್ನು ಮಿಚೆಲ್ಲರ ಏರಿ ಸ್ಪಷ್ಟಪಡಿಸಿತು. ಆ ಪುಡಿಯ ಅಣು ಕೊಬ್ಬಿನ ಪೊರೆಯಲ್ಲಿ ಸಲೀಸಾಗಿ ಈಜಬಲ್ಲದು. ಆಚೆಯಿಂದ ಒಂದೊಂದೇ ಪ್ರೋಟಾನನ್ನು ಕಂಕುಳಲ್ಲಿಟ್ಟುಕೊಂಡು ಈಚೆಗೆ ಕಳ್ಳಸಾಗಣೆ ಮಾಡುತ್ತದೆ. ಏರಿ ಸೋರುತ್ತದೆ. ತೂಬಿಗೆ ನೀರಿಲ್ಲ. ಎ.ಟಿ.ಪಿ. ಕಡಿಮೆಯಾದೊಡನೆ ಕೋಶ ಗಾಬರಿಯಾಗಿ ಇನ್ನಷ್ಟು ಸುಡುತ್ತದೆ. ಸುಟ್ಟದ್ದೆಲ್ಲ ಬರಿಯ ಶಾಖ. ಒಲೆ ಧಗಧಗನೆ ಉರಿಯುತ್ತದೆ, ಅನ್ನ ಬೇಯುವುದಿಲ್ಲ. ಬೆಂಕಿಯನ್ನು ತಣಿಸಲು ಇದಕ್ಕೆ ಪ್ರತ್ಯೌಷಧವೂ ಇಲ್ಲ. ಆದರೂ ಇಂದಿಗೂ ದೇಹದಾರ್ಢ್ಯದ ಮೋಹಿಗಳಿಗೂ ತೆಳ್ಳಗಾಗಬಯಸುವವರಿಗೂ ಗುಟ್ಟಾಗಿ ಇದನ್ನು ಮಾರುವವರಿದ್ದಾರೆ, ಸಾವುಗಳು ವರದಿಯಾಗಿವೆ. ಬ್ರಿಟನ್ನಿನಲ್ಲಿ 2023ರ ಅಕ್ಟೋಬರಿನಿಂದ ಇದನ್ನು ಕಾಯಿದೆಯಂತೆ ನಿಯಂತ್ರಿತ ವಿಷಗಳ ಪಟ್ಟಿಗೆ ಸೇರಿಸಲಾಗಿದೆ. ‘ಕೊಬ್ಬು ಕರಗಿಸುವ’ ಹೆಸರಿಲ್ಲದ ಗುಳಿಗೆಗಳ ಜಾಹೀರಾತನ್ನು ನೋಡುವ ತರುಣ ತರುಣಿಯರಿಗೆ ಈ ಹಳದಿ ಪುಡಿಯ ಇತಿಹಾಸ ತಿಳಿದಿರುವುದು ಒಳಿತು.

ಯಾವ ಪುಡಿಯನ್ನೂ ನುಂಗದೆ ಇದೇ ಅವಸ್ಥೆಗೆ ಸಿಕ್ಕಿದವರೂ ಉಂಟು. 1962ರಲ್ಲಿ ಸ್ವೀಡನ್ನಿನ ರಾಲ್ಫ್ ಲುಫ್ಟ್ ಮತ್ತು ಅವರ ಸಂಗಡಿಗರು 35 ವರ್ಷದ ಹೆಂಗಸೊಬ್ಬಳ ವಿಷಯವನ್ನು ಬರೆದರು. ಆಕೆ ಬಾಲ್ಯದಿಂದಲೂ ಎಷ್ಟು ಉಂಡರೂ ಸಣಕಲು. ಸ್ವೀಡನ್ನಿನ ಚಳಿಯಲ್ಲಿಯೂ ಬೆವರು. ಗಂಟಲಿನ ಥೈರಾಯ್ಡ್ ಗ್ರಂಥಿಯದೇ ತಪ್ಪೆಂದು ಶಂಕಿಸಿದರೆ ಅದು ನೆಟ್ಟಗಿತ್ತು. ಸ್ನಾಯುವಿನ ಒಂದು ಚೂರನ್ನು ತೆಗೆದು ನೋಡಿದಾಗ, ಮೈಟೋಕಾಂಡ್ರಿಯಗಳು ಲೆಕ್ಕಕ್ಕಿಂತ ಹೆಚ್ಚು, ಆಕಾರವೂ ವಿಕಾರ; ಇಂಧನವನ್ನು ಎಡೆಬಿಡದೆ ಸುಡುತ್ತಿವೆ, ಎ.ಟಿ.ಪಿ.ಗೂ ಸುಡುವುದಕ್ಕೂ ಇರಬೇಕಾದ ಬಿಗಿ ಮಾತ್ರ ಸಡಿಲ. ಮೈಟೋಕಾಂಡ್ರಿಯಕ್ಕೂ ಕಾಯಿಲೆ ಬರಬಹುದೆಂದು ವೈದ್ಯಲೋಕ ಅರಿತದ್ದು ಆ ಹೆಂಗಸಿನಿಂದ.

ಆದರೆ ಏರಿಯ ಸೋರಿಕೆ ಯಾವಾಗಲೂ ಅನಿಷ್ಟವಲ್ಲ. ಆಗತಾನೆ ಹುಟ್ಟಿದ ಕೂಸಿಗೆ ಚಳಿಯಾದರೆ ದೊಡ್ಡವರಂತೆ ಗಡಗಡ ನಡುಗಿ ಮೈ ಕಾಯಿಸಿಕೊಳ್ಳಲು ಬಾರದು. ಅದರ ಹೆಗಲ ಮೂಳೆಗಳ ನಡುವೆ, ಕತ್ತಿನ ಸುತ್ತ, ಒಂದು ಬಗೆಯ ಕಂದುಬಣ್ಣದ ಕೊಬ್ಬು ಇರುತ್ತದೆ. ಮೈಟೋಕಾಂಡ್ರಿಯಗಳು ಅಲ್ಲಿ ಕಿಕ್ಕಿರಿದಿವೆ. ಆ ಕಂದುಬಣ್ಣಕ್ಕೆ ಕಾರಣ ಕುದುರೆಲಾಯದ ಅಟ್ಟದಲ್ಲಿ ಮ್ಯಾಕ್‌ಮನ್ ಕಂಡಿದ್ದ ಆ ಕಬ್ಬಿಣದ ವಸ್ತುಗಳೇ. ಈ ಕೊಬ್ಬಿನ ಪೊರೆಯಲ್ಲಿ ಗಿರಣಿಯಿಲ್ಲದ ಇನ್ನೊಂದು ತೂಬನ್ನು ನಿಸರ್ಗವೇ ಇಟ್ಟಿದೆ. ತಣ್ಣನೆಯ ಗಾಳಿ ಕೂಸಿನ ಚರ್ಮವನ್ನು ಸೋಕಿದೊಡನೆ ನರಗಳು ಸುದ್ದಿ ಕಳುಹಿಸುತ್ತವೆ, ತೂಬು ತೆರೆಯುತ್ತದೆ, ಪ್ರೋಟಾನುಗಳು ಯಾವ ಚಕ್ರವನ್ನೂ ತಿರುಗಿಸದೆ ಧುಮುಕುತ್ತವೆ, ಎಲ್ಲವೂ ಶಾಖವಾಗುತ್ತದೆ. ಆ ಬಿಸಿ ರಕ್ತ ಎದೆಗೂ ತಲೆಗೂ ಹರಿಯುತ್ತದೆ. ಅಜ್ಜಿ ಎಣ್ಣೆ ನೀರೆರೆದು, ಧೂಪ ಹಾಕಿ, ಕುಲಾವಿ ಕಟ್ಟಿ, ಹಳೆಯ ಸೀರೆಯ ಮೆತ್ತನೆಯ ತುಂಡಿನಲ್ಲಿ ಸುತ್ತಿ ಮಡಿಲಲ್ಲಿ ಮಲಗಿಸಿಕೊಂಡಾಗ ಮೈ ಬೆಚ್ಚಗಾಗುತ್ತದೆ; ತೂಬು ತಾನಾಗಿಯೇ ಮುಚ್ಚಿಕೊಳ್ಳುತ್ತದೆ.